ಕಡೇ ಮಾತೇನಂದರೆ

ಚರ್ಚಿನಲ್ಲಿ ಪ್ರಸಂಗದ, ಅಂದರೆ ಸಭಾಪಾಲಕರ ಉಪದೇಶದ ಹೊತ್ತಿಗೆ ತೂಕಡಿಸುವವರನ್ನು ಕಂಡರೆ ನನ್ನ ಹೆಂಡತಿಗೆ ಆಗುವುದಿಲ್ಲ. ಪಕ್ಕದಲ್ಲೇ ಕೂತವನಾದರೆ ಮೊಣಕೈಯಲ್ಲಿ ತಿವಿಯುತ್ತಾಳೆ. ಪಕ್ಕದಲ್ಲಿ ಕೂರುವವನು ನಾನು.

ನಿದ್ದೆಗೂ ಬೈಬಲ್ಲಿನಲ್ಲಿ ಆಧಾರ ಇದೆ ಎಂದು ಅವಳಿಗೆ ಹೇಳಿ ನೋಡಿದ್ದೇನೆ. ಅಪೊಸ್ತಲರ ಕೃತ್ಯಗಳು, 20ನೇ ಅಧ್ಯಾಯ. ಯೇಸುವಿನ ಅಪೊಸ್ತಲ ಪೌಲ ಮಧ್ಯರಾತ್ರಿವರೆಗೆ ಮಾತಾಡುತ್ತಲೇ ಇದ್ದ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಎಂಬ ಹುಡುಗ ನಿದ್ದೆ ಹತ್ತಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಸತ್ತೇ ಹೋದ ಎಂದುಕೊಂಡರು. ಪೌಲ ಇಳಿದು ಬಂದು ಅಪ್ಪಿಕೊಂಡ, ಹುಡುಗ ಬದುಕಿದ. ಇಷ್ಟಾದ ಮೇಲಾದರೂ ಮುಗಿಸಬೇಕಲ್ವಾ? ಇಲ್ಲ. ಮೇಲೆ ಹೋಗಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೆ ಮುಂದುವರಿಸಿದ!

ಇದೇ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಮೂರನೇ ಅಧ್ಯಾಯದ ಶುರುವಿನಲ್ಲೇ ‘ಕಡೇ ಮಾತೇನಂದರೆ’ ಎನ್ನುತ್ತಾನೆ. ಆಮೇಲೂ ಎರಡು ಅಧ್ಯಾಯದಷ್ಟು ಬರೆಯುತ್ತಾನೆ. ನಮ್ಮ ಸಭಾಪಾಲಕರು ‘ಕೊನೆಯದಾಗಿ’ ಎಂದ ತಕ್ಷಣ ಬೈಬಲ್ಲನ್ನು ಬ್ಯಾಗಿಗೆ ತುರುಕುವವರು ಇದನ್ನು ಸರಿಯಾಗಿ ಓದಿಲ್ಲ.

ಕೇಳುವವರೂ ಏನು ಕಮ್ಮಿ ಇರಲಿಲ್ಲ. 6ನೇ ಶತಮಾನದಲ್ಲಿ ಈಗಿನ ಫ್ರಾನ್ಸಿನ ಆರ್ಲ್ ಪಟ್ಟಣದ ಬಿಷಪ್ ಸಿಸೇರಿಯಸ್, ಪ್ರಸಂಗ ಶುರುವಾಗುವಾಗ ಜನ ಜಾರಿಕೊಳ್ಳುತ್ತಾರೆಂದು ಬಾಗಿಲು ಹಾಕಿಸುತ್ತಿದ್ದರು. ಅವರಿಗಿಂತ ಮುಂಚಿನ ಹೆಸರಾಂತ ಪ್ರಸಂಗಿ ಜಾನ್ ಕ್ರಿಸೊಸ್ಟಮ್ ಅವರದು ತಿರುಗುಮುರುಗು ಕಷ್ಟ. ಮಾತು ಎಷ್ಟು ಸೊಗಸೆಂದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಇದು ನಾಟಕ ಅಲ್ಲ, ಚಪ್ಪಾಳೆ ಬೇಡ ಎಂದು ಒಮ್ಮೆ ಗಟ್ಟಿಯಾಗಿ ಹೇಳಿದರು. ಅದಕ್ಕೂ ಚಪ್ಪಾಳೆ ಬಿತ್ತು.

ನನಗೆ ಬಹಳ ಇಷ್ಟ ಇಂಗ್ಲೆಂಡಿನ ಪ್ರಸಂಗಿ ಜಾರ್ಜ್ ವಿಟ್‌ಫೀಲ್ಡ್ ಅವರ ಪ್ರಸಂಗ ಕೇಳಲು ಹೋದ ಬೆಂಜಮಿನ್ ಫ್ರಾಂಕ್ಲಿನ್ ಕಥೆ. 18ನೇ ಶತಮಾನದ ಅಮೆರಿಕ. ಅನಾಥಾಲಯಕ್ಕೆ ಕಾಣಿಕೆ ಎತ್ತುತ್ತಾರೆ ಎಂಬುದು ಫ್ರಾಂಕ್ಲಿನ್‌ಗೆ ಗೊತ್ತು, ಒಂದು ಕಾಸೂ ಕೊಡಬಾರದು ಎಂದೇ ಕೂತಿದ್ದರು. ಪ್ರಸಂಗ ನಡೀತಾ ತಾಮ್ರದ ಕಾಸು ಕೊಡೋಣ ಅನಿಸಿತು. ಇನ್ನಷ್ಟು ಕೇಳಿದ ಮೇಲೆ ಬೆಳ್ಳಿ. ಮುಗಿಯುವ ಹೊತ್ತಿಗೆ ಚಿನ್ನದ ನಾಣ್ಯವೂ ಸೇರಿ ಜೇಬೆಲ್ಲ ಖಾಲಿ. ಅವರ ಗೆಳೆಯನೊಬ್ಬ ಇದಕ್ಕೇ ಹೆದರಿ ಜೇಬು ಖಾಲಿ ಮಾಡಿಕೊಂಡೇ ಬಂದಿದ್ದ. ಅವನ ಮನಸ್ಸೂ ಕರಗಿ ಪಕ್ಕದವನ ಹತ್ತಿರ ಸಾಲ ಕೇಳಿದ. ಬೇರೆ ಯಾವಾಗ ಬೇಕಾದರೂ ಕೊಡುತ್ತೇನೆ, ಈಗ ನಿನ್ನ ತಲೆ ಸರಿ ಇಲ್ಲ ಎಂದ ಆ ಪುಣ್ಯಾತ್ಮ.

2024ರಲ್ಲಿ ಪೋಪ್ ಫ್ರಾನ್ಸಿಸ್, ಪ್ರಬೋಧನೆ (ಕ್ಯಾಥೊಲಿಕರು ಪ್ರಸಂಗಕ್ಕೆ ಹೇಳುವ ಹೆಸರು) 8 ನಿಮಿಷ ದಾಟಬಾರದು, ಜನ ನಿದ್ದೆ ಹೋಗುತ್ತಾರೆ ಎಂದರು. ನಾನು ಖುಷಿಯಿಂದ ಹೆಂಡತಿಗೆ ಓದಿ ಹೇಳಿದೆ. ನಾವು ಪ್ರಾಟೆಸ್ಟೆಂಟರು ಎಂದಳು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಸಂತೆಗಳಲ್ಲೂ ನಿಂತು ಪ್ರಸಂಗ ಮಾಡಿದವರು. ಅಲ್ಲಿ ಹಾಕಲು ಬಾಗಿಲೇ ಇಲ್ಲ. ಆ ಕಷ್ಟ ಏನೆಂದು ನನ್ನ ಅಕ್ಕನ ಮಗನಿಗೆ ಚೆನ್ನಾಗಿ ಗೊತ್ತು. ದೈವಶಾಸ್ತ್ರ ಓದುತ್ತಿದ್ದಾನೆ. ವಾಕ್ಯಭಾಗ ಆರಿಸು, ಬರೆದ ಕಾಲದಲ್ಲಿ ಅದರ ಅರ್ಥ ಏನಿತ್ತು ನೋಡು, ಒಂದೇ ವಿಷಯ ಹಿಡಿ, ಮೂರು ಅಂಶ ಮಾಡು, ನಡುವೆ ಒಂದು ಕಥೆ ಇಡು. ಹೀಗೆ ಕಲಿತದ್ದನ್ನು ಒಂದು ಶನಿವಾರ ನಮ್ಮ ಮನೆಯ ಹಾಲ್‌ನಲ್ಲಿ ಪರೀಕ್ಷೆಗಿಟ್ಟ. ಇಸ್ತ್ರಿ ಟೇಬಲ್ಲೇ ಪ್ರಸಂಗಪೀಠ.

ವಿಷಯ, ಯೇಸು ಬೆಸ್ತರನ್ನು ಕರೆದದ್ದು. ಮೊದಲ ಅಂಶಕ್ಕೆ ಕುಕ್ಕರ್ ಕೂಗಿತು, ಹೆಂಡತಿ ಎದ್ದು ಹೋದಳು. ಎರಡನೇ ಅಂಶದಲ್ಲಿ ಹುಡುಗ ಕಣ್ಣು ಮುಚ್ಚಿ, ಕೈ ಮೇಲೆತ್ತಿ, “ಆ ಕರೆ ನಿಮಗೆ ಕೇಳಿಸುತ್ತಿದೆಯೇ?” ಎಂದ. ಗೇಟಿನಲ್ಲಿ ಮೀನಿನವನ ಹಾರ್ನ್ ‘ಪೋಂ’ ಎಂದಿತು. ನನ್ನ ಅಮ್ಮ ಬೈಬಲ್ಲು, ಕನ್ನಡಕ ಎಲ್ಲವನ್ನೂ ಅಲ್ಲೇ ಬಿಟ್ಟು ಹಿಂಬಾಲಿಸಿದರು. ಮೂರನೇ ಅಂಶಕ್ಕೆ ಉಳಿದವನು ನಾನೊಬ್ಬ. ತಿವಿಯುವವರು ಯಾರೂ ಇರಲಿಲ್ಲ.

ಎಚ್ಚರವಾದಾಗ ಅಮ್ಮ ಪಾತ್ರೆ ಹಿಡಿದು ಒಳಗೆ ಬರುತ್ತಿದ್ದರು.

“ಅಜ್ಜಿ, ಹೇಗಿತ್ತು?” ಎಂದು ಕೇಳಿದ ಹುಡುಗ.

“ಬಂಗುಡೆಯಾ? ಪರವಾಗಿಲ್ಲ, ಸ್ವಲ್ಪ ಚಿಕ್ಕದು. ನಿಂದೇ ಉದ್ದ ಆಯ್ತು ಮಗಾ.”