ಶೇಂಗಾ ಒಗ್ಗದ ಮಕ್ಕಳಿಗೆ ಹೊಸ ಔಷಧ: ಜಿಲ್ಲಾ ಆಸ್ಪತ್ರೆಯಲ್ಲೇ ಸಿಗಬೇಕೆ?

ಪರ
(ಬಾಗಲಕೋಟೆ ನವನಗರದ ಒಬ್ಬ ತಾಯಿ)

ನನ್ನ ಮಗನಿಗೆ ಆಗ ನಾಲ್ಕು ವರ್ಷ. ಇಳಕಲ್ಲಿನಲ್ಲಿ ನೆಂಟರ ಮದುವೆ. ಅವನಿಗೆ ಶೇಂಗಾ ಒಗ್ಗುವುದಿಲ್ಲ ಎಂಬುದು ಮೊದಲೇ ಗೊತ್ತಿತ್ತು. ಹೋಳಿಗೆ, ಹಿಂಡಿ ಅವನ ಎಲೆಗೆ ಬೀಳದಂತೆ ಪಕ್ಕದಲ್ಲೇ ಕೂತಿದ್ದೆ. ಎಣ್ಣೆಗಾಯಿ ಬಂದಾಗ ಕೇಳಿದೆ. "ಬರೇ ಗುರೆಳ್ಳು ಹಾಕೇವ್ರಿ ಅಕ್ಕಾರ, ಶೇಂಗಾ ಹಾಕಿಲ್ಲ" ಎಂದರು ಬಡಿಸುವವರು. ಅವರು ಸುಳ್ಳು ಹೇಳಲಿಲ್ಲ. ಗುರೆಳ್ಳು ಕುಟ್ಟಿದ ಒರಳಿನಲ್ಲೇ ಬೆಳಗ್ಗೆ ಶೇಂಗಾ ಕುಟ್ಟಿದ್ದರು, ಅಷ್ಟೇ.

ಎರಡು ತುತ್ತು ತಿಂದಿದ್ದ. ತುಟಿ ಬಾತವು, ಮೈತುಂಬ ಪಿತ್ತದ ಗಂಧೆ ಎದ್ದವು, ವಾಂತಿ ಆಯಿತು. "ಅವ್ವಾ, ಗಂಟಲಾಗ ಏನೋ ಸಿಕ್ಕೇತಿ" ಎಂದ. ಹೇಳುತ್ತಿದ್ದಂತೆ ದನಿಯೇ ಒಡೆಯಿತು. ಮೊದಲು ಹೋದ ದವಾಖಾನೆಯಲ್ಲಿ ಅಲರ್ಜಿಯ ಮಾಮೂಲಿ ಇಂಜೆಕ್ಷನ್ ಕೊಟ್ಟು "ಕೂಡ್ರಿ" ಎಂದರು. ಕೂತೆವು. ಮಗು ಬಿಳಿಚಿಕೊಳ್ಳತೊಡಗಿದಾಗ ಅಲ್ಲಿಂದ ಎತ್ತಿಕೊಂಡು ಓಡಿದೆವು. ಎರಡನೆಯ ಕಡೆ ತೊಡೆಗೆ ಅಡ್ರಿನಲಿನ್ ಚುಚ್ಚಿದ ಮೇಲೆ ಉಸಿರು ಹಿಡಿತಕ್ಕೆ ಬಂತು. ಆ ಅರ್ಧ ಗಂಟೆಯನ್ನು ನಾನು ಇವತ್ತಿಗೂ ದಾಟಿಲ್ಲ.

ಈಗ ಅವನಿಗೆ ಒಂಬತ್ತು. "ಶೇಂಗಾ ತಿನ್ನಿಸಬೇಡಿ, ಮುಗೀತು" ಎನ್ನುತ್ತಾರೆ. ಎಲ್ಲಿ ಮುಗಿಯುತ್ತದೆ? ನಮ್ಮ ಸೀಮೆಯಲ್ಲಿ ಪಲ್ಯಕ್ಕೆ ಶೇಂಗಾ ಪುಡಿ, ರೊಟ್ಟಿಗೆ ಶೇಂಗಾ ಹಿಂಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಚುರಮುರಿಗೆ ಹುರಿದ ಶೇಂಗಾ. ಗಾಣದ ಶೇಂಗಾ ಎಣ್ಣೆಯಲ್ಲೂ ಕಾಳಿನ ಪ್ರೋಟೀನು ಉಳಿದಿರುತ್ತದೆ. ಪೊಟ್ಟಣದ ಮೇಲೆ ಅಲರ್ಜಿ ತರುವ ಪದಾರ್ಥದ ಹೆಸರು ಹಾಕಬೇಕೆಂಬ ನಿಯಮವಿದೆ, ಸರಿ. ಒರಳಿನ ಮೇಲೆ ಅದನ್ನು ಯಾರು ಬರೆಯುತ್ತಾರೆ?

ಅದಕ್ಕೇ ಹೊಸ ಔಷಧದ ಮಾತು ನನಗೆ ಮುಖ್ಯ. ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಇರುತ್ತದೆ. ಅಲರ್ಜಿ ಇದ್ದವರಲ್ಲಿ ಅದು ಚರ್ಮ, ಗಂಟಲು, ಕರುಳಿನಲ್ಲಿರುವ ಮಾಸ್ಟ್ ಎಂಬ ಜೀವಕೋಶಗಳ ಮೈಗೆ ಅಂಟಿ ಕೂತಿರುತ್ತದೆ. ಶೇಂಗಾದ ಪ್ರೋಟೀನು ಬಂದು ಅದಕ್ಕೆ ತಗುಲಿದರೆ ಆ ಕೋಶಗಳು ತುರಿಕೆ, ಬಾವು ತರುವ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಒಮ್ಮೆಲೇ ಸುರಿಯುತ್ತವೆ. ಒಮಾಲಿಜುಮ್ಯಾಬ್ ಎಂಬ ಇಂಜೆಕ್ಷನ್, ಐಜಿಇ ಆ ಕೋಶದ ಮೇಲೆ ಕೂರುವ ಮೊದಲೇ ಅದನ್ನು ರಕ್ತದಲ್ಲೇ ಹಿಡಿದುಬಿಡುತ್ತದೆ. ಅಮೆರಿಕದಲ್ಲಿ 2003ರಿಂದ ಅಸ್ತಮಾಕ್ಕೆ ಕೊಡುತ್ತಿದ್ದ ಈ ಔಷಧಕ್ಕೆ 2024ರ ಫೆಬ್ರುವರಿಯಲ್ಲಿ ಅಲ್ಲಿಯೇ ಆಹಾರ ಅಲರ್ಜಿಗೂ ಒಪ್ಪಿಗೆ ಸಿಕ್ಕಿತು, ಒಂದು ವರ್ಷ ತುಂಬಿದ ಮಕ್ಕಳಿಗೂ ಸೇರಿ. ಪರೀಕ್ಷೆಯಲ್ಲಿ ನಾಲ್ಕೈದು ತಿಂಗಳು ಇದನ್ನು ಪಡೆದವರಲ್ಲಿ 67% ಮಂದಿ 600 ಮಿಲಿಗ್ರಾಂ ಶೇಂಗಾ ಪ್ರೋಟೀನು ತಾಳಿಕೊಂಡರು. ಬರೀ ನೀರಿನಂಥ ಇಂಜೆಕ್ಷನ್ ಪಡೆದವರಲ್ಲಿ 7% ಮಾತ್ರ.

600 ಮಿಲಿಗ್ರಾಂ ಅಂದರೆ ಎರಡೂವರೆ ಕಾಳು. ಇಷ್ಟೇನಾ ಎನ್ನುತ್ತೀರಿ. ಆ ಒರಳಿನಲ್ಲಿ ಅಷ್ಟೂ ಇರಲಿಲ್ಲ!

ಇದು ಶೇಂಗಾಕ್ಕೆ ಮಾತ್ರವಲ್ಲ; ಹಾಲು, ಮೊಟ್ಟೆ, ಗೋಧಿ, ಗೋಡಂಬಿಗೂ ಅದೇ ಪರೀಕ್ಷೆಯಲ್ಲಿ ನೋಡಿದ್ದಾರೆ. ಇದರ ಹಿಂದೆ ಇನ್ನೂ ಬರುತ್ತಿವೆ. ಮಾಸ್ಟ್ ಕೋಶದೊಳಗಿನ ಬಿಟಿಕೆ ಎಂಬ ಕಿಣ್ವವನ್ನು ತಡೆಯುವ ಗುಳಿಗೆಯನ್ನು 10 ವಯಸ್ಕರಿಗೆ ಎರಡು ದಿನ ಕೊಟ್ಟು ನೋಡಿದಾಗ 7 ಮಂದಿ 4 ಗ್ರಾಂ ಶೇಂಗಾ ಪ್ರೋಟೀನನ್ನೇ ತಾಳಿಕೊಂಡರು. ಅಲರ್ಜಿಯ ನೆನಪನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಬಿ ಜೀವಕೋಶಗಳನ್ನೇ ಗುರಿಯಾಗಿಸುವ ಸಂಶೋಧನೆಯೂ ನಡೆದಿದೆ.

ತುಟ್ಟಿ ಔಷಧ ಎಂಬ ಮಾತು ಬಂದೇ ಬರುತ್ತದೆ. ಡಯಾಲಿಸಿಸ್ ಕೂಡ ತುಟ್ಟಿಯೇ ಆಗಿತ್ತು. ಇವತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಬಡವರಿಗೆ ಪುಕ್ಕಟೆ ಆಗುತ್ತದೆ. ಮನಸ್ಸು ಮಾಡಿದ್ದಕ್ಕೆ ಆಯಿತು.

ಕಳೆದ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬಂಡಿ ಹತ್ತಿ ಚರಗ ಚೆಲ್ಲಲು ಹೊಲಕ್ಕೆ ಹೋದರು. ಬುತ್ತಿಯ ತುಂಬ ಶೇಂಗಾ ಹೋಳಿಗೆ, ಹಿಂಡಿ. ನಾನೂ ಮಗನೂ ಮನೆಯಲ್ಲಿ ಉಳಿದೆವು. ಬಂಡಿಯ ಗೆಜ್ಜೆ ಸದ್ದು ಕೇಳುವಷ್ಟು ಹೊತ್ತೂ ಅವನು ಕಿಟಕಿಯಲ್ಲೇ ನಿಂತಿದ್ದ.

ವಿರೋಧ
(ವಿಜಯಪುರ ಜಿಲ್ಲೆಯ ಒಬ್ಬ ಗ್ರಾಮೀಣ ವೈದ್ಯ)

ವಿರೋಧವಾಗಿ ಬರೆಯಲು ನನಗೆ ಹೇಳಿದ್ದಾರೆ. ಔಷಧವೇ ಕೆಟ್ಟದ್ದು ಎಂದು ನಾನು ಬರೆಯಲಾರೆ, ಏಕೆಂದರೆ ಹಾಗೆಂದು ನಾನು ನಂಬಿಲ್ಲ. ಜಿಲ್ಲಾ ಆಸ್ಪತ್ರೆಯ ಹಣ ಮೊದಲು ಇದಕ್ಕೆ ಹೋಗಬಾರದು ಎಂಬಷ್ಟೇ ನನ್ನ ವಾದ.

ಇಂಜೆಕ್ಷನ್ ಹಾಕಿಸಿಕೊಂಡರೆ ಹೋಳಿಗೆ ತಿನ್ನಬಹುದು ಎಂದು ಜನ ತಿಳಿದುಕೊಳ್ಳುತ್ತಾರೆ. ತಿನ್ನುವಂತಿಲ್ಲ. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಚುಚ್ಚಿಸುತ್ತಲೇ ಇರಬೇಕು, ಶೇಂಗಾದಿಂದ ದೂರವೂ ಇರಬೇಕು. 67% ಎಂದರೆ 33% ಮಂದಿ ಆ ಎರಡೂವರೆ ಕಾಳನ್ನೂ ತಾಳಿಕೊಳ್ಳಲಿಲ್ಲ ಎಂದೂ ಆಯಿತು. ಅಪರೂಪಕ್ಕೆ ಈ ಇಂಜೆಕ್ಷನ್ನಿನಿಂದಲೇ ತೀವ್ರ ಅಲರ್ಜಿ ಆಗಬಹುದೆಂಬ ಎಚ್ಚರಿಕೆ ಔಷಧದ ಮೇಲೆಯೇ ಇದೆ. ಇನ್ನು ಆ ಬಿಟಿಕೆ ಗುಳಿಗೆ ರಕ್ತದ ಕ್ಯಾನ್ಸರಿಗೆ ಕೊಡುವಂಥದ್ದು. ಹತ್ತು ಜನರ ಪರೀಕ್ಷೆ ನಂಬಿ ಮಕ್ಕಳ ಕೈಗೆ ಕೊಡುವುದು ನನ್ನಿಂದಾಗದು.

ನನಗೆ ನಿಜವಾಗಿ ಕಳವಳವಿರುವುದು ರಕ್ತಪರೀಕ್ಷೆಯ ಬಗ್ಗೆ. ನಮ್ಮ ಕರ್ನಾಟಕದಲ್ಲೇ ವಯಸ್ಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ 26.5% ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಕಂಡಿತು. ಆಹಾರ ಅಲರ್ಜಿ ಇದ್ದಿರಬಹುದು ಎನ್ನಬಹುದಾದವರು 1.2% ಮಾತ್ರ. ಹೋದ ವರ್ಷ ಸಿಂದಗಿ ಕಡೆಯ ಒಬ್ಬ ತಂದೆ ಖಾಸಗಿ ಲ್ಯಾಬಿನ ಉದ್ದನೆಯ ವರದಿ ಹಿಡಿದು ಬಂದಿದ್ದರು. ಅದರಲ್ಲಿದ್ದದ್ದನ್ನೆಲ್ಲ ಬಿಡಿಸಿದ್ದರು: ಹಾಲು, ಗೋಧಿ, ತೊಗರಿಬೇಳೆ, ಶೇಂಗಾ, ಬದನೆಕಾಯಿ. ಆರು ವರ್ಷದ ಹುಡುಗಿ, ತೂಕ ಹದಿಮೂರು ಕಿಲೋ. ವರದಿ ಬರುವ ಹಿಂದಿನ ವಾರದವರೆಗೂ ಅವಳು ಶೇಂಗಾ ತಿಂದು ಆಡಿಕೊಂಡಿದ್ದಳಂತೆ! "ಸಾಹೇಬ್ರ, ಕಾಗದದಾಗ ಕೆಂಪು ಅಕ್ಷರ ಬಂದಾವಲ್ರೀ" ಎಂದರು. ಒಂದೊಂದೇ ಆಹಾರವನ್ನು ನನ್ನ ಕಣ್ಣೆದುರೇ ತಿನ್ನಿಸಿ ಮರಳಿ ಶುರುಮಾಡಿಸಲು ಎರಡು ತಿಂಗಳು ಹಿಡಿಯಿತು. ತುಟ್ಟಿ ಇಂಜೆಕ್ಷನ್ ಪುಕ್ಕಟೆ ಸಿಗುತ್ತದೆ ಎಂದರೆ ಇಂಥ ಕಾಗದ ಹಿಡಿದು ಬರುವವರು ಎಷ್ಟಾಗಬಹುದು?

ತಡೆಯುವ ದಾರಿಯೂ ಇದೆ. ಲಂಡನ್ನಿನಲ್ಲಿ 640 ಕೂಸುಗಳ ಮೇಲೆ ನಡೆದ ಪರೀಕ್ಷೆಯ ಫಲ 2015ರಲ್ಲಿ ಬಂತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ ಕೂಸುಗಳವು. ಮೊದಲ ವರ್ಷದಿಂದಲೇ ಶೇಂಗಾ ತಿಂದವರಲ್ಲಿ ಐದನೆಯ ವಯಸ್ಸಿಗೆ ಅಲರ್ಜಿ 3.2%, ತಿನ್ನದವರಲ್ಲಿ 17.2%. ಇದನ್ನು ಅಂಗನವಾಡಿಯಲ್ಲಿ ಹೇಳಿಕೊಡಬಹುದು. ಕಾಳಲ್ಲ, ನುಣ್ಣಗೆ ಅರೆದು ಗಂಜಿಯಲ್ಲಿ ಕದಡಿ. ಇಸುಬು ಇರುವ ಕೂಸಾದರೆ ಡಾಕ್ಟರನ್ನು ಕೇಳಿ.

ಇಳಕಲ್ಲಿನ ಆ ಮಗುವಿನ ಕತೆ ಓದಿದೆ. ಅವನನ್ನು ಉಳಿಸಿದ್ದು ಅಡ್ರಿನಲಿನ್, ಮೊದಲ ದವಾಖಾನೆ ಕೊಡದೆ ಹೋದದ್ದೂ ಅದೇ. ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಇರುವ ಚಿಕ್ಕ ಗಾಜಿನ ಆಂಪೂಲ್ ಅದು, ಖಾನಾವಳಿಯ ಒಂದು ಊಟಕ್ಕಿಂತ ಅಗ್ಗ. ಹದಿನೈದು ಕಿಲೋ ಮಗುವಿಗೆ 0.15 ಮಿಲಿಲೀಟರ್, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ, ತಡಮಾಡದೆ. ನನ್ನ ಮೇಜಿನ ಮೇಲಿನ ಡಬ್ಬಿಯಲ್ಲಿ ನಾಲ್ಕು ಇವೆ. ಪ್ರತಿ ತಿಂಗಳ ಒಂದನೇ ತಾರೀಖು ನಾನೂ ನರ್ಸಮ್ಮನೂ ಅದರ ಅವಧಿ ನೋಡಿ, ಪ್ರಮಾಣವನ್ನು ಬಾಯಿಪಾಠ ಒಪ್ಪಿಸುತ್ತೇವೆ.