ಸತ್ಯಾಂಶ: ಟೂ-ವೀಲ್ ಡ್ರೈವ್‌ನಲ್ಲಿದ್ದರೆ ಮುಂದಿನ ಶಾಫ್ಟ್ ಸವೆಯುವುದಿಲ್ಲವೇ?

‘ಫೋರ್-ವೀಲ್ ಡ್ರೈವ್ ಹಾಕದಿದ್ದರೆ ಮುಂದಿನ ಡ್ರೈವ್‌ಶಾಫ್ಟ್ (ಮುಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ದಂಡ) ತಿರುಗುವುದೇ ಇಲ್ಲ, ಲಿಫ್ಟ್ ಮಾಡಿಸಿ ಗಾಡಿಯ ಎತ್ತರ ಹೆಚ್ಚಿಸಿದರೂ ಅದನ್ನು ನೋಡಬೇಕಾಗಿಲ್ಲ’ ಎಂಬ ಸಂದೇಶ ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಎಲ್ಲ ಗಾಡಿಗಳಿಗೂ ನಿಜವಲ್ಲ. ಮುಂದಿನ ಚಕ್ರಗಳನ್ನು ಬೇರ್ಪಡಿಸುವ ಹಬ್ ಇಲ್ಲದ ಜೀಪ್ ರ್‍ಯಾಂಗ್ಲರ್ ಜೆಕೆಯಂಥ ಗಾಡಿಗಳಲ್ಲಿ ಚಕ್ರಗಳೇ ಆ ಶಾಫ್ಟನ್ನು ಸದಾ ತಿರುಗಿಸುತ್ತವೆ. ತುಮಕೂರು ರಸ್ತೆಯ ಮೇಲ್ಸೇತುವೆಯ ಮೇಲೂ ಅದಕ್ಕೆ ಬಿಡುವಿಲ್ಲ. ಗಾಡಿ ಎತ್ತರವಾದಷ್ಟೂ ಶಾಫ್ಟಿನ ಕೀಲಿನ ಕೋನ ಹೆಚ್ಚಿ, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಬಳಿ ಕೀಲನ್ನು ಮುಚ್ಚಿರುವ ರಬ್ಬರ್ ಬೂಟ್ ಉಜ್ಜಿ ಹರಿದು, ಗ್ರೀಸ್ ಹೊರಕ್ಕೆ ಸಿಡಿದು, ಧೂಳು ಒಳಸೇರುತ್ತದೆ. ಅಡಿಭಾಗದಲ್ಲಿ ಕಪ್ಪು ಗ್ರೀಸಿನ ಗೆರೆ ಎರಚಿದಂತೆ ಕಂಡರೆ, ನಡುಕ ನಿಲ್ಲಿಸಲೆಂದು ವೀಲ್ ಬ್ಯಾಲೆನ್ಸಿಂಗ್‌ಗೆ ಹಣ ಸುರಿಯುವ ಮುನ್ನ ದಯವಿಟ್ಟು ಬೂಟನ್ನು ನೋಡಿ. ಈಗಷ್ಟೇ ಹರಿದಿದ್ದರೆ ಕೀಲನ್ನು ತೊಳೆದು, ಹೊಸ ಗ್ರೀಸ್ ತುಂಬಿ, ಬೂಟ್ ಬದಲಿಸಿದರೆ ಸಾಕಾಗಬಹುದು. ಕಟಕಟ ಸದ್ದು, ನಡುಕ ಶುರುವಾಗಿದ್ದರೆ ಕೀಲನ್ನೇ ಬದಲಿಸಬೇಕು.