ಬಣ್ಣ ಬರಲಿಲ್ಲ ಅಂದರೆ ಆಮ್ಲ ಅಂತಲ್ಲ

'ಫಿನಾಫ್ತಲೀನ್ ಹಾಕಿದಾಗ ಗುಲಾಬಿ ಬಂದರೆ ಪ್ರತ್ಯಾಮ್ಲ, ಬರದಿದ್ದರೆ ಆಮ್ಲ' ಎಂಬ ಸಂದೇಶ ಪರೀಕ್ಷೆ ಟಿಪ್ಸ್ ಹೆಸರಲ್ಲಿ ಓಡಾಡುತ್ತಿದೆ. ಮೊದಲರ್ಧ ಸರಿ, ಎರಡನೆಯದು ತಪ್ಪು.

ಫಿನಾಫ್ತಲೀನ್ ಒಂದು ಸೂಚಕ, ಅಂದರೆ ಬಣ್ಣ ಬದಲಿಸಿ ಆಮ್ಲ-ಪ್ರತ್ಯಾಮ್ಲ ಗುರುತಿಸಲು ನೆರವಾಗುವ ವಸ್ತು. ಪಿಎಚ್ ಅಳತೆಯಲ್ಲಿ 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಪ್ರತ್ಯಾಮ್ಲ. ಈ ಸೂಚಕ ಗುಲಾಬಿಯಾಗಲು ಶುರುವಾಗುವುದೇ ಪಿಎಚ್ ಸುಮಾರು 8.2 ದಾಟಿದ ಮೇಲೆ. ಶುದ್ಧ ನೀರಿನ ಪಿಎಚ್ 7. ಅದರಲ್ಲೂ ಬಣ್ಣ ಬರುವುದಿಲ್ಲ. ಹಾಗಂತ ನೀರು ಆಮ್ಲವಾಗಿಬಿಡುತ್ತದಾ? 7.5 ಇರುವ ದ್ರಾವಣ ಪ್ರತ್ಯಾಮ್ಲೀಯವೇ, ಆದರೂ ಬಣ್ಣವಿಲ್ಲ.

ಇನ್ನೊಂದು ತಮಾಷೆ ಇದೆ. ತುಂಬಾ ಗಾಢವಾದ ಸೋಡಿಯಂ ಹೈಡ್ರಾಕ್ಸೈಡ್‌ಗೆ ಒಂದು ಹನಿ ಫಿನಾಫ್ತಲೀನ್ ಹಾಕಿದರೆ ಮೊದಲು ಗುಲಾಬಿ ಬರುತ್ತದೆ, ಆಮೇಲೆ ಮೆಲ್ಲಗೆ ಮಾಸಿ ನೀರಿನಂತಾಗುತ್ತದೆ. ಹೈಡ್ರಾಕ್ಸೈಡ್ ಅಯಾನುಗಳು ಸೂಚಕದ ಅಣುವಿಗೇ ಸೇರಿಕೊಂಡು, ಬಣ್ಣ ಕೊಡುವ ರಚನೆಯನ್ನು ಮುರಿಯುತ್ತವೆ. ಅಂದರೆ ಬಣ್ಣವಿಲ್ಲದ ಆ ದ್ರವ ಚರ್ಮ ಸುಡುವಷ್ಟು ಪ್ರಬಲ ಪ್ರತ್ಯಾಮ್ಲ! ಸುಮ್ನೆ ಆಮ್ಲ ಅಂದುಕೊಂಡರೆ ಅಪಾಯ.

ಮೀಥೈಲ್ ಆರೆಂಜ್ ಎಂಬ ಇನ್ನೊಂದು ಸೂಚಕದ ಕಥೆಯೂ ಹೀಗೇ. ಪಿಎಚ್ 4.4 ದಾಟಿದರೆ ಸಾಕು, ಹಳದಿ. ಪಿಎಚ್ 5 ಇರುವ ಆಮ್ಲದಲ್ಲೂ ಹಳದಿಯೇ, ಹಾಗಾಗಿ ಹಳದಿ ಬಂತು ಅಂದರೆ ಪ್ರತ್ಯಾಮ್ಲ ಅಂತಲ್ಲ. ಒಂದೇ ಸೂಚಕ ನಂಬಬೇಡಿ. ಯೂನಿವರ್ಸಲ್ ಇಂಡಿಕೇಟರ್ (ಪಿಎಚ್‌ಗೆ ತಕ್ಕಂತೆ ಬೇರೆ ಬೇರೆ ಬಣ್ಣ ತೋರುವ ಸೂಚಕಗಳ ಮಿಶ್ರಣ) ಅಥವಾ ಪಿಎಚ್ ಮೀಟರ್ ಬಳಸಿ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.